ಒಳವ್ಯಾಸದ ರಾಯರು

ಈ ಪಂಗಡದವರು ಕ್ಯಾಮೆರಾ ಅಂಗಡಿಯಲ್ಲಿ ಸಿಗುವುದಿಲ್ಲ. ನೋಡಬೇಕಾದರೆ ಹಾರ್ಡ್‌ವೇರ್ ಅಂಗಡಿಗೆ ಹೋಗಬೇಕು. ಸಿಮೆಂಟು ಕೇಳುವವರು, ಬೀಗ ಕೇಳುವವರು, ಮೊಳೆ ತೂಕ ಹಾಕಿಸುವವರು ಎಲ್ಲ ಬಂದು ಹೋದ ಮೇಲೂ ಕೌಂಟರಿನ ಮೂಲೆಯಲ್ಲಿ ಒಬ್ಬರು ಉಳಿದಿರುತ್ತಾರೆ. ಕೈಯಲ್ಲಿ ಲೆನ್ಸಿನ ಮುಚ್ಚಳ. ಅದನ್ನು ಪೈಪಿನ ಬಾಯಿಗೆ, ವಾಷರಿಗೆ, ಸಿಂಕಿನ ಜಾಲರಿಗೆ ಒಂದೊಂದಾಗಿ ಇಟ್ಟು ನೋಡುತ್ತಿರುತ್ತಾರೆ. ಪ್ರತಿ ಬಡಾವಣೆಗೂ ಇಂಥವರು ಒಬ್ಬರಾದರೂ ಉಂಟು. ನಮ್ಮ ಬಡಾವಣೆಯವರನ್ನು ರಾಯರು ಎನ್ನೋಣ. ನಿಮ್ಮ ಕಡೆಯವರು ಗೌಡರೋ ಶೆಟ್ಟರೋ ಆಗಿರಬಹುದು, ಲಕ್ಷಣ ಒಂದೇ.

ರಾಯರು ಬೆಂಗಳೂರಿನ ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ದುಡಿದು ನಿವೃತ್ತರಾದವರು. ಜೇಬಿನಲ್ಲಿ ದುಡ್ಡಿಲ್ಲದೆ ಮನೆಯಿಂದ ಹೊರಟಾರು, ವರ್ನಿಯರ್ ಕ್ಯಾಲಿಪರ್ ಇಲ್ಲದೆ ಹೊರಡರು. ಲೋಕದಲ್ಲಿರುವ ಸಕಲ ವಸ್ತುಗಳಿಗೂ ಅವರ ಪ್ರಕಾರ ಎರಡೇ ಗುಣ: ಒಳವ್ಯಾಸ ಮತ್ತು ಹೊರವ್ಯಾಸ. ಮದುವೆ ಊಟದಲ್ಲಿ ಪಾಯಸ ಕುಡಿದು ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಒಳಗೆ ಇಣುಕುತ್ತಾರೆ. ಬಡಿಸುವವನು ಇನ್ನೂ ಬೇಕೇನೋ ಎಂದುಕೊಂಡು ಮತ್ತೊಂದು ಸೌಟು ಸುರಿಯುತ್ತಾನೆ. "ಐವತ್ತೆರಡು," ಎನ್ನುತ್ತಾರೆ ರಾಯರು ಪಕ್ಕದ ಎಲೆಯವರಿಗೆ. ಅವರು ವಯಸ್ಸೆಂದು ತಿಳಿದು, "ಹಾಗೆ ಕಾಣೋದೇ ಇಲ್ಲ ಬಿಡಿ" ಎಂದು ಮರ್ಯಾದೆಯ ಮಾತಾಡುತ್ತಾರೆ. ಐವತ್ತೆರಡು ಮಿಲಿಮೀಟರ್ ಎಂಬುದು ರಾಯರ ಹಳೆಯ ಲೆನ್ಸಿನ ಮುಂಬಾಯಿಯ ಅಳತೆ.

ಒಂದು ದಿನ ಅಂಗಡಿಯಲ್ಲಿ ನಾನೂ ಇದ್ದೆ.

"ಎರಡಿಂಚಿನ ಪಿವಿಸಿ ಪೈಪ್ ಕೊಡಪ್ಪ."

"ಎಷ್ಟು ಸಾರ್?"

"ಎರಡಿಂಚು."

"ಸೈಜು ಗೊತ್ತಾಯ್ತು ಸಾರ್. ಉದ್ದ ಎಷ್ಟು ಬೇಕು?"

"ಉದ್ದಾನೂ ಎರಡೇ ಇಂಚು."

ಹತ್ತಡಿಗೆ ಕಡಿಮೆ ಕೊಡುವುದು ಅಂಗಡಿಯ ಧರ್ಮಕ್ಕೆ ವಿರುದ್ಧ. ರಾಯರು ಹತ್ತಡಿಯನ್ನೂ ಕೊಂಡು, ಆಟೋದ ಎರಡೂ ಕಡೆ ಚಾಚಿಸಿಕೊಂಡು, ದಾರಿಯುದ್ದಕ್ಕೂ ಸ್ಕೂಟರಿನವರಿಂದ ಮಂಗಳಾರತಿ ಮಾಡಿಸಿಕೊಳ್ಳುತ್ತ ಮನೆ ಸೇರಿದರು.

ಆ ಎರಡಿಂಚು ಯಾಕೆ ಎಂದು ಕೇಳಿದರೆ ರಾಯರ ಮುಖ ಅರಳುತ್ತದೆ. ಲೆನ್ಸನ್ನು ಕ್ಯಾಮೆರಾದಿಂದ ಮುಂದಕ್ಕೆ ತಳ್ಳಿದಷ್ಟೂ ಹತ್ತಿರದ ವಸ್ತು ದೊಡ್ಡದಾಗಿ ಮೂಡುತ್ತದೆ. 50 ಮಿ.ಮೀ. ಲೆನ್ಸಿನ ಹಿಂದೆ 50 ಮಿ.ಮೀ. ಕೊಳವೆ ಸೇರಿಸಿದರೆ, ಇರುವೆಯ ಬಿಂಬ ಇರುವೆಯಷ್ಟೇ ದೊಡ್ಡದಾಗಿ ಸೆನ್ಸರಿನ ಮೇಲೆ ಬೀಳುತ್ತದೆ. ಕೊಳವೆಯೊಳಗೆ ಗಾಜಿಲ್ಲ, ಯಂತ್ರವಿಲ್ಲ, ಇರುವುದು ಬರೀ ಗಾಳಿ. "ಗಾಳಿಗೆ ನಾಲ್ಕು ಸಾವಿರ ಕೇಳ್ತಾರೆ ಸ್ವಾಮಿ" ಎಂಬುದು ರಾಯರ ಬಹುಕಾಲದ ದುಃಖ. ಅವರು ಕ್ಯಾಮೆರಾದ ಬಾಯಿ ಮುಚ್ಚುವ ಪ್ಲಾಸ್ಟಿಕ್ ಮುಚ್ಚಳಕ್ಕೆ ತೂತು ಕೊರೆದು, ಅರಾಲ್ಡೈಟ್ ಹಚ್ಚಿ ಪೈಪಿಗೆ ಕೂರಿಸಿ, ಬೆಳಕು ಒಳಗೆ ಪ್ರತಿಫಲಿಸದಿರಲೆಂದು ಶಾಲೆಯ ಕರಿಹಲಗೆಗೆ ಹೊಡೆಯುವ ಬಣ್ಣ ಬಳಿದರು. ನಿಜ ಹೇಳಬೇಕು, ಅದು ಸೊಗಸಾಗಿ ಕೆಲಸ ಮಾಡಿತು. ಒಂದೇ ತೊಡಕೆಂದರೆ ಅಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ, ಇರುವೆಗೋ ರಾಯರ ಮುಂದೆ ನಿಲ್ಲುವ ಪುರುಸೊತ್ತಿಲ್ಲ. ತಣ್ಣಗಾದರೆ ಇರುವೆ ನಿಧಾನಿಸುತ್ತದೆ ಎಂದು ಎಲ್ಲೋ ಓದಿದ್ದರು. ಆ ರಾತ್ರಿ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕದಲ್ಲಿ ಒಂದು ಡಬ್ಬಿ ಕಂಡು, ಜೀರಿಗೆ ಇರಬಹುದೆಂದು ಅವರ ಮನೆಯವರು ಮುಚ್ಚಳ ತೆಗೆದರು. ಮುಂದಿನದನ್ನು ಬರೆಯುವುದು ಸಭ್ಯತೆಯಲ್ಲ.

ಖರ್ಚಿನ ವಿಷಯದಲ್ಲಿ ರಾಯರ ಲೆಕ್ಕಪತ್ರವೇ ಬೇರೆ. ನಾಲ್ಕು ಸಾವಿರದ ಸಾಮಾನನ್ನು ನೂರಿಪ್ಪತ್ತು ರೂಪಾಯಿಗೆ ಮಾಡಿದೆ ಎಂದು ಬೀದಿಗೆಲ್ಲ ಹೇಳುತ್ತಾರೆ. ತೂತು ಕೊರೆಯಲು ತಂದ ಡ್ರಿಲ್ಲು ಇದರಲ್ಲಿ ಸೇರಿಲ್ಲ, ಅದು ಮನೆಗೆ ಹೇಗೂ ಬೇಕಿತ್ತಂತೆ. ಮೊದಲ ಮೂರು ಮುಚ್ಚಳ ಸೀಳಿ ಹೋದದ್ದು ಅನುಭವದ ಬಾಬ್ತು. ಹೆಬ್ಬೆರಳಿಗೆ ಹಾಕಿಸಿದ ಟೆಟನಸ್ ಇಂಜೆಕ್ಷನ್ ಆರೋಗ್ಯದ ಬಾಬ್ತು. ಇನ್ನುಳಿದ ಒಂಬತ್ತಡಿ ಹತ್ತಿಂಚು ಪೈಪು? ಅದು ಆಸ್ತಿ.

ಈ ಚಟದ ಬೇರು ಹಳೆಯದು. ಹುಡುಗರಾಗಿದ್ದಾಗ ಸೋದರಮಾವ ಕೊಟ್ಟ ಆಗ್ಫಾ ಕ್ಲಿಕ್ 3 ಕ್ಯಾಮೆರಾ, 120 ರೋಲು, ಒಂದು ರೋಲಿಗೆ 12 ಚಿತ್ರ. ಹನ್ನೆರಡೂ ಚೆನ್ನಾಗಿ ಬರಲೇಬೇಕಾದ ಬಡತನದ ಕಾಲ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 'ಇಂದು' ಎಂಬ ಹೆಸರಿನಲ್ಲಿ ಫಿಲ್ಮು ಮಾಡುತ್ತಿತ್ತು. ಅದನ್ನು ತೊಳೆಸಲು ಸ್ಟುಡಿಯೋಗೆ ಕೊಡುವಷ್ಟು ಕಾಸಿಲ್ಲದೆ ಮನೆಯ ಬಚ್ಚಲೇ ಕತ್ತಲಕೋಣೆಯಾಯಿತು. ಕಪ್ಪುಬಿಳುಪು ಪ್ರಿಂಟಿನ ಕಾಗದಕ್ಕೆ ಕೆಂಪು ಬೆಳಕು ಕಾಣುವುದಿಲ್ಲ. ಮನೆಯಲ್ಲಿದ್ದ ಏಕೈಕ ಕೆಂಪು ಬಲ್ಬು ದೇವರ ಮುಂದಿನ ಝೀರೋ ವಾಟಿನದು (ಹೆಸರಿಗೆ ಝೀರೋ, ತಿನ್ನುವುದು 15 ವಾಟು). ಹೀಗಾಗಿ ಶುಕ್ರವಾರ ಸಂಜೆ ದೇವರು ಕತ್ತಲೆಯಲ್ಲಿ, ರಾಯರು ಬಚ್ಚಲಿನ ಕೆಂಪು ಬೆಳಕಿನಲ್ಲಿ, ಅವರ ತಂದೆ ಬಾಗಿಲ ಹೊರಗೆ ಚೊಂಬು ಹಿಡಿದು ತಾಳ್ಮೆಯ ಕೊನೆಯ ಹಂತದಲ್ಲಿ. "ಇನ್ನೂ ಎಷ್ಟು ಹೊತ್ತೋ?" ಎಂದರೆ ಒಳಗಿನಿಂದ, "ಹೈಪೋದಲ್ಲಿದೆ ಅಪ್ಪಾ, ಬಾಗಿಲು ತೆಗೆದರೆ ಹೋಯ್ತು" ಎಂಬ ಉತ್ತರ. ಚಿತ್ರವನ್ನು ಹಿಗ್ಗಿಸುವ ಎನ್‌ಲಾರ್ಜರ್ ಅನ್ನು ಅವರು ಹಾಲಿನ ಪುಡಿಯ ಡಬ್ಬದಲ್ಲಿ ಮಾಡಿದ್ದರು. ಅದರ ಲೆನ್ಸು ಯಾವುದೆಂದರೆ ಅದೇ ಕ್ಯಾಮೆರಾದ ಲೆನ್ಸೇ.

ಆ ದಿನಗಳಲ್ಲಿ ಕೈಯಾರೆ ಮಾಡಿಕೊಳ್ಳದೆ ಗತಿಯಿರಲಿಲ್ಲ. ವಿದೇಶದ ಸಾಮಾನು ಬರಬೇಕಾದರೆ ನೆಂಟರೊಬ್ಬರು ವಿಮಾನ ಹತ್ತಬೇಕಿತ್ತು. ನಮ್ಮಲ್ಲಿ ಕಾಡಿನ ಛಾಯಾಗ್ರಹಣಕ್ಕೆ ಹೆಸರು ತಂದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಮುಂತಾದವರು ಇಂದಿನ ಮೊಬೈಲು ನಾಚುವಷ್ಟು ಕಡಿಮೆ ಸೌಕರ್ಯದಲ್ಲಿ ದುಡಿದವರು. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದದ್ದು ಗೊತ್ತೇ ಇದೆ. ರಾಯರು ಈ ಹೆಸರುಗಳನ್ನು ಸಂಧ್ಯಾವಂದನೆಯಷ್ಟೇ ಭಕ್ತಿಯಿಂದ ಹೇಳುತ್ತಾರೆ. ನನಗೆ ಮಾತ್ರ ಒಂದು ಭೇದ ಕಾಣುತ್ತದೆ. ಅವರಿಗೆಲ್ಲ ಚಿತ್ರ ಬೇಕಿತ್ತು, ಅದಕ್ಕಾಗಿ ಸಲಕರಣೆಯ ಪಾಡುಪಟ್ಟರು. ರಾಯರಿಗೆ ಬೇಕಾಗಿರುವುದು ಸಲಕರಣೆ. ಚಿತ್ರ ಎಂಬುದು ಅದಕ್ಕೆ ಸಿಗುವ ಸರ್ಟಿಫಿಕೇಟು.

ರಾಯರ ಆಲ್ಬಮ್ ತೆರೆದರೆ ಇದು ಗೊತ್ತಾಗುತ್ತದೆ. ಅದರಲ್ಲಿರುವುದು ಬಹುಪಾಲು ಗೋಡೆಯ ಕ್ಯಾಲೆಂಡರು. ಸಣ್ಣ ಅಕ್ಷರ ಮೂಲೆಮೂಲೆಯಲ್ಲೂ ತುಂಬಿರುವುದರಿಂದ ಲೆನ್ಸಿನ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯದಿಲ್ಲವಂತೆ. "ನೋಡಿ, ನಡುವೆ ರಾಹುಕಾಲ ಎಷ್ಟು ಶಾರ್ಪಾಗಿದೆ. ಅಂಚಿಗೆ ಹೋದ ಹಾಗೆ ಗುಳಿಕಕಾಲ ಸ್ವಲ್ಪ ಮಬ್ಬು," ಎಂದು ತೋರಿಸುತ್ತಾರೆ. ಕ್ಯಾಲೆಂಡರಿನ ನಂತರದ ಸ್ಥಾನ ಎದುರುಮನೆಯ ಇಟ್ಟಿಗೆ ಗೋಡೆಗೆ. ಆಮೇಲೆ ದೇವರಮನೆಯ ಹಿತ್ತಾಳೆ ನಂದಿ. ಅದು ಫ್ಲಾಷಿಗೆ ಹಾಲಿನ ಕವರು ಕಟ್ಟಿದಾಗ, ಟ್ರೇಸಿಂಗ್ ಪೇಪರ್ ಕಟ್ಟಿದಾಗ, ಪೌಡರ್ ಡಬ್ಬದೊಳಗಿಂದ ಬೆಳಕು ಬಿಟ್ಟಾಗ, ಮದುವೆ ಮಂಟಪದಿಂದ ತಂದ ಥರ್ಮೋಕೋಲ್ ಪೆಟ್ಟಿಗೆಯೊಳಗೆ ಕೂರಿಸಿದಾಗ, ಹೀಗೆ ನಾನಾ ಅವತಾರಗಳಲ್ಲಿದೆ. ಮನುಷ್ಯರು ಅಪರೂಪ. ಒಂದು ಚಿತ್ರದಲ್ಲಿ ಅವರ ಮಗಳ ಅರ್ಧ ಮುಖವಿತ್ತು. ಪಕ್ಕದ ಕಿಟಕಿಯ ಸರಳನ್ನು ತೆಗೆಯಲು ಹೋದಾಗ ಅಡ್ಡ ಬಂದಳಂತೆ. ಪಾಸ್‌ಪೋರ್ಟಿಗೆ ಫೋಟೋ ಬೇಕಾದಾಗ ಮನೆಯವರೆಲ್ಲ ಮೌನವಾಗಿ ಸ್ಟುಡಿಯೋಗೆ ಹೋಗಿ ಬರುತ್ತಾರೆ. ಮಗಳ ಮದುವೆಗೆ ಹೊರಗಿನ ಫೋಟೋಗ್ರಾಫರನ್ನೇ ಕರೆಸಿದರು. ಧಾರೆಯ ಹೊತ್ತಿಗೆ ಕನ್ಯಾಪಿತೃ ಎಲ್ಲಿ ಎಂದು ಪುರೋಹಿತರು ಕೂಗಿದರೆ, ರಾಯರು ಕಂಬದ ಹಿಂದೆ ಆ ಹುಡುಗನ ಫ್ಲಾಷಿಗೆ ಹಾಲಿನ ಕವರು ತೊಡಿಸುತ್ತಿದ್ದರು.

ಫ್ಲಾಷಿನ ಜೊತೆ ಅವರದು ಪ್ರೀತಿ ಭಯ ಎರಡೂ ಬೆರೆತ ಸಂಬಂಧ. ಎರಡು ಪುಟ್ಟ ಸೆಲ್ಲಿನಿಂದ ನಡೆಯುವ ಪೆಟ್ಟಿಗೆಯೊಳಗೆ ಸುಮಾರು 300 ವೋಲ್ಟಿನ ಕೆಪಾಸಿಟರು ಕೂತಿರುತ್ತದೆ, ಸೆಲ್ಲು ತೆಗೆದಿಟ್ಟ ಮೇಲೂ ಅದು ತನ್ನ ಪಾಲನ್ನು ಬಿಟ್ಟುಕೊಡುವುದಿಲ್ಲ. ರಾಯರು ಇದನ್ನು ಓದಿ ತಿಳಿದವರಲ್ಲ.

ಹುರುಳಿಕಾಳಿನ ಕಥೆಯನ್ನು ಮಾತ್ರ ಅವರ ಮನೆಯವರ ಬಾಯಲ್ಲೇ ಕೇಳಬೇಕು. ರಂಗನತಿಟ್ಟಿಗೆ ಹೊರಟಿದ್ದರು. ಅಲ್ಲಿ ದೋಣಿಯಲ್ಲಿ ಕೂತು ಚಿತ್ರ ತೆಗೆಯಬೇಕು, ಮೂರು ಕಾಲಿನ ಸ್ಟ್ಯಾಂಡು ಹೂಡಲು ಜಾಗವಿಲ್ಲ. ದೋಣಿಯ ಅಂಚಿನ ಮೇಲೆ ಕಾಳು ತುಂಬಿದ ಚೀಲವಿಟ್ಟು ಅದರ ಮೇಲೆ ಲೆನ್ಸು ಊರಿದರೆ ಅಲುಗುವುದಿಲ್ಲ. ಇದು ಕಾಡಿಗೆ ಹೋಗುವವರೆಲ್ಲ ಬಲ್ಲ ಉಪಾಯವೇ. ಆದರೆ ಯಾವ ಕಾಳು? ಅಕ್ಕಿ ಜಾರುತ್ತದೆ, ರಾಗಿ ಹೊಲಿಗೆಯಿಂದ ಸೋರುತ್ತದೆ, ಕಡಲೆ ಲೆನ್ಸಿಗೆ ಒತ್ತುತ್ತದೆ ಎಂದು ಡಬ್ಬಗಳನ್ನೆಲ್ಲ ಒರೆಗೆ ಹಚ್ಚಿ ಕೊನೆಗೆ ಹುರುಳಿಗೆ ಪಟ್ಟ ಕಟ್ಟಿದರು. ಹಳೆಯ ಪ್ಯಾಂಟಿನ ಕಾಲಿನಲ್ಲಿ ಮೂರು ಕಿಲೋ ಹುರುಳಿ. ದೋಣಿಯಲ್ಲಿ ಮೊಸಳೆ ಕಂಡ ಗಡಿಬಿಡಿಯಲ್ಲಿ ಚೀಲದ ಒಂದು ತುದಿ ಕಾವೇರಿಯಲ್ಲಿ ಅದ್ದಿತು. ಮನೆಗೆ ಬಂದವರು ಅದನ್ನು ಬ್ಯಾಗಿನಲ್ಲೇ ಮರೆತರು. ಮೂರನೆಯ ದಿನ ಬ್ಯಾಗು ತಾನಾಗಿ ಉಬ್ಬಿತ್ತು. ಹೊಲಿಗೆಯ ಸಂದುಗಳಿಂದ ಬೆಳ್ಳಗೆ ಮೊಳಕೆಗಳು ಹೊರಗೆ ಇಣುಕುತ್ತಿದ್ದವು. "ರೀ, ಈ ಸಲ ನಿಮ್ಮ ಫೋಟೋಗ್ರಫಿಯಿಂದ ಮನೆಗೆ ಉಪಯೋಗ ಆಯ್ತು," ಎಂದು ಆಕೆ ಮೊಳಕೆ ಹುರುಳಿ ಸಾರು ಮಾಡಿ ನಮ್ಮ ಮನೆಗೂ ಕಳಿಸಿದರು. ಚೆನ್ನಾಗಿತ್ತು. ಪ್ಯಾಂಟಿನ ವಿಷಯ ಆಮೇಲೆ ಗೊತ್ತಾಯಿತು.

ಕೊಕ್ಕರೆಬೆಳ್ಳೂರಿನಲ್ಲಿ ನಡೆದದ್ದು ಇನ್ನೊಂದು. ಹಕ್ಕಿಗೆ ಕಾಣದಂತೆ ಅವಿತು ಕೂರುವ ಗೂಡಾರವೊಂದನ್ನು ರಾಯರು ತೋಟದ ಛತ್ರಿ ಮತ್ತು ಹಸಿರು ಬೆಡ್‌ಶೀಟಿನಿಂದ ಹೊಲಿದಿದ್ದರು. ಮದ್ದೂರು ತಾಲ್ಲೂಕಿನ ಆ ಊರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮನೆಗಳ ನಡುವಿನ ಹುಣಸೆಮರಗಳ ಮೇಲೇ ಗೂಡು ಕಟ್ಟುತ್ತವೆ. ಕೆಳಗೆ ಬಟ್ಟೆ ಒಗೆದರೂ, ಎತ್ತು ಕಟ್ಟಿದರೂ, ಮಕ್ಕಳು ಚೆಂಡಾಡಿದರೂ ಅವು ಕಣ್ಣೆತ್ತಿ ನೋಡುವುದಿಲ್ಲ. ಅಂಥ ಊರಿನ ನಡುಬೀದಿಯಲ್ಲಿ ರಾಯರು ಅವಿತು ಕೂತರು. ಹಕ್ಕಿಗಳೇನೋ ಹೆದರಲಿಲ್ಲ. ನಾಯಿಗಳು ಸುತ್ತುಗಟ್ಟಿದವು. ನಾಯಿಗಳ ಹಿಂದೆ ಶಾಲೆಯ ಹುಡುಗರು ಬಂದರು, ಹುಡುಗರನ್ನು ಹುಡುಕಿಕೊಂಡು ತಾಯಂದಿರು ಬಂದರು. ಒಬ್ಬ ಅಜ್ಜಿ ಬೆಡ್‌ಶೀಟು ಸರಿಸಿ, "ಯಾಕಪ್ಪಾ, ಮೈ ಸರಿಯಿಲ್ವಾ?" ಎಂದು ಕೇಳಿ ಮಜ್ಜಿಗೆ ತಂದುಕೊಟ್ಟರು. ಆ ದಿನ ಮರದ ಮೇಲಿನ ಕೊಕ್ಕರೆಗಳು ರಾಯರನ್ನು ಬಹಳ ಹೊತ್ತು ವೀಕ್ಷಿಸಿದವು.

ಮಾಗಿಯಲ್ಲಿ ರಾಯರ ದೃಷ್ಟಿ ಆಕಾಶಕ್ಕೆ ತಿರುಗುತ್ತದೆ. ಭೂಮಿ ತಿರುಗುವುದರಿಂದ ನಕ್ಷತ್ರ ನಿಂತಲ್ಲಿ ನಿಲ್ಲುವುದಿಲ್ಲ. 500 ಅನ್ನು ಲೆನ್ಸಿನ ನಾಭಿದೂರದಿಂದ ಭಾಗಿಸಿದರೆ ಬರುವಷ್ಟು ಸೆಕೆಂಡು ಮಾತ್ರ ಅದು ಚುಕ್ಕಿಯಾಗಿ ಉಳಿಯುತ್ತದೆ ಎಂಬುದು ಹವ್ಯಾಸಿಗಳ ಲೆಕ್ಕ. 50 ಮಿ.ಮೀ. ಲೆನ್ಸಿಗೆ ಹತ್ತೇ ಸೆಕೆಂಡು, ಆಮೇಲೆ ಗೆರೆ. ಇದಕ್ಕೆ ಮದ್ದಾಗಿ 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಹವ್ಯಾಸಿಯೊಬ್ಬರಿಗೆ ಒಂದು ಸಾಧನ ಹೊಳೆಯಿತು: ಎರಡು ಹಲಗೆ, ನಡುವೆ ಬಾಗಿಲಿನ ಕೀಲು, ಒಂದು ಬೋಲ್ಟು. ಮೇಲಿನ ಹಲಗೆಯ ಮೇಲೆ ಕ್ಯಾಮೆರಾ. ನಮ್ಮ ಅಂಗಡಿಗಳಲ್ಲಿ ಸಿಗುವ 6 ಮಿ.ಮೀ. ಬೋಲ್ಟು ಒಂದು ಸುತ್ತಿಗೆ ಒಂದು ಮಿಲಿಮೀಟರ್ ಏರುತ್ತದೆ. ಅದನ್ನು ಕೀಲಿನಿಂದ ಸರಿಯಾಗಿ 228.5 ಮಿ.ಮೀ. ದೂರದಲ್ಲಿಟ್ಟು ನಿಮಿಷಕ್ಕೊಂದು ಸುತ್ತು ತಿರುಗಿಸಿದರೆ ಕ್ಯಾಮೆರಾ ಆಕಾಶದ ವೇಗದಲ್ಲೇ ತಿರುಗುತ್ತದೆ. ಬಾಗಿಲ ಕೀಲಿನಿಂದ ಭೂಭ್ರಮಣವನ್ನು ಸೋಲಿಸುವ ಈ ಯುಕ್ತಿಗೆ ನಾನೂ ತಲೆಬಾಗುತ್ತೇನೆ. ಕೀಲು ದೇವರಮನೆಯ ಬಾಗಿಲಿನದೇ ಆಗಬೇಕಿರಲಿಲ್ಲ, ಅಷ್ಟೇ.

ಕೀಲಿನ ನೇರಕ್ಕೆ ಧ್ರುವನಕ್ಷತ್ರವಿರಬೇಕು. ಯುರೋಪಿನವರಿಗೆ ಧ್ರುವ ಎತ್ತರದಲ್ಲಿದ್ದಾನೆ, ಬೆಂಗಳೂರಿಗೆ ಅವನು ದಿಗಂತದಿಂದ 13 ಡಿಗ್ರಿ ಮಾತ್ರ ಮೇಲೆ. ರಾಯರ ತಾರಸಿಯಿಂದ ನೋಡಿದರೆ ಆ 13 ಡಿಗ್ರಿಯಲ್ಲಿರುವುದು ಹಿಂದಿನ ಮನೆಯವರ ನೀರಿನ ಟ್ಯಾಂಕು. ರಾಯರು ಹೋಗಿ ವಿನಯದಿಂದಲೇ ಕೇಳಿದರು: "ಧ್ರುವ ಕದಲೋದಿಲ್ಲ ಅನ್ನೋದು ಪುರಾಣಪ್ರಸಿದ್ಧ. ನಿಮ್ಮ ಟ್ಯಾಂಕಾದರೂ ಒಂದೆರಡು ಅಡಿ ಕದಲಬಾರದೇ?" ಕದಲಲಿಲ್ಲ. ಅಂದಾಜಿನ ಮೇಲೆ ಹೂಡಿದರು. ಊರಿನ ಬೆಳಕಿನಲ್ಲಿ ನಕ್ಷತ್ರವೇ ಕಾಣದ್ದರಿಂದ ಕರೆಂಟು ಹೋಗಬೇಕು. ಬೀದಿಯೆಲ್ಲ ಶಾಪ ಹಾಕುವ ಹೊತ್ತಿನಲ್ಲಿ "ಹೋಯ್ತು, ಹೋಯ್ತು!" ಎಂದು ಹಿಗ್ಗುತ್ತ ತಾರಸಿಗೆ ಓಡುವ ಧ್ವನಿ ಒಂದೇ ಮನೆಯಿಂದ ಕೇಳುತ್ತದೆ. ಅವರ ಮನೆಯವರು ಟಾರ್ಚು, ಗಡಿಯಾರ, ನೆನೆಸಿದ ಅವರೆಕಾಳಿನ ಪಾತ್ರೆ ಹಿಡಿದು ಹಿಂದೆ ಹೋಗುತ್ತಾರೆ. ಕಾಳು ಹಿದುಕುತ್ತ, ನಿಮಿಷ ನೋಡಿ, "ತಿರುಗಿಸ್ರೀ" ಎನ್ನುವುದು ಆಕೆಯ ಕೆಲಸ. ನಡುವೆ ಪಕ್ಕದ ತಾರಸಿಯವರು ಸೊಸೆಯ ವಿಷಯ ಎತ್ತಿದರೆ ನಿಮಿಷಗಳು ತಮ್ಮ ಪಾಡಿಗೆ ಜಾರುತ್ತವೆ. ಬಂದ ಚಿತ್ರದಲ್ಲಿ ಮಹಾವ್ಯಾಧನ ನಕ್ಷತ್ರಗಳೆಲ್ಲ ಹಿದುಕಿದ ಅವರೆಯ ಆಕಾರದಲ್ಲಿದ್ದವು.

ಇತ್ತೀಚೆಗೆ ಹಳೆಯ ಫಿಲ್ಮಿನ ಹುಚ್ಚು ಮರುಕಳಿಸಿದೆ. ಕಾಫಿಯಲ್ಲಿ ಫಿಲ್ಮು ತೊಳೆಯಬಹುದೆಂದು 1995ರಲ್ಲಿ ಅಮೆರಿಕದ ರಾಚೆಸ್ಟರಿನ ವಿದ್ಯಾರ್ಥಿಗಳು ತೋರಿಸಿಕೊಟ್ಟರಂತೆ. ಕಾಫಿಪುಡಿ, ವಾಷಿಂಗ್ ಸೋಡಾ, ಜೊತೆಗೆ ಆಮೇಲಿನವರು ಸೇರಿಸಿದ ವಿಟಮಿನ್ ಸಿ. ಕಾಫಿಯಲ್ಲಿರುವ ಕೆಫಿಕ್ ಆಮ್ಲ ಡೆವಲಪರಿನ ಕೆಲಸ ಮಾಡುತ್ತದೆ, ಅಗ್ಗದ ಇನ್‌ಸ್ಟಂಟ್ ಪುಡಿಯೇ ಇದಕ್ಕೆ ಮೇಲು. ರಾಯರ ಮನೆಯವರು ಇಷ್ಟು ವರ್ಷ ಬಚ್ಚಲನ್ನು ಸಹಿಸಿದರು, ಇರುವೆಯನ್ನು ಸಹಿಸಿದರು, ದೇವರಮನೆ ಬಾಗಿಲಿಗೆ ಹಗ್ಗ ಕಟ್ಟಿಕೊಂಡರು. ಆದರೆ ಪೀಬರಿಗೆ ಇಷ್ಟೇ ಚಿಕೋರಿ ಎಂದು ನಿಂತು ಬೀಸಿಸಿಕೊಂಡು ಬರುವ ಮನೆತನ ಅದು. "ನಾಳೆ ಯಾರಾದರೂ ಬಂದು ಅಡುಗೆಮನೇಲಿ ಈ ಪ್ಯಾಕೆಟ್ಟು ನೋಡಿದರೆ ಏನು ಅಂದ್ಕೋತಾರೆ?" ಎಂದು ಆಕೆ ಕಣ್ಣೀರು ಹಾಕಿದರು. ರಾಯರು ಆ ಪ್ಯಾಕೆಟ್ಟನ್ನು ಕೊನೆಗೆ ಕಕ್ಕಸಿನ ಫಿನಾಯಿಲ್ ಪಕ್ಕದಲ್ಲಿಡಬೇಕಾಯಿತು. ಆ ದ್ರಾವಣದ ವಾಸನೆ ಮೂಗಿಗೆ ಬಿದ್ದವರು ಅದೇ ಸರಿಯಾದ ಜಾಗ ಎನ್ನುತ್ತಾರೆ.

ಹೊಸ ತಲೆಮಾರಿನಲ್ಲೂ ಈ ಪಂಗಡದವರಿದ್ದಾರೆ. ನಮ್ಮ ಬೀದಿಯ ಸಾಫ್ಟ್‌ವೇರ್ ಹುಡುಗನೊಬ್ಬ ಲೆನ್ಸಿನ ಮುಚ್ಚಳವನ್ನು ತ್ರೀಡಿ ಪ್ರಿಂಟರಿನಲ್ಲಿ ರಾತ್ರಿಯಿಡೀ ಕೂತು ಮಾಡುತ್ತಾನೆ. ರಾಯರು ಅದನ್ನು ಕ್ಯಾಲಿಪರಿನಿಂದ ಅಳೆದು, "ಪಾಯಿಂಟ್ ಎರಡು ಲೂಸು" ಎಂದು ಹಿಂದಕ್ಕೆ ಕೊಡುತ್ತಾರೆ. ಇಬ್ಬರಿಗೂ ತುಂಬ ಸ್ನೇಹ.

ರಾಯರ ಅತ್ಯುತ್ತಮ ಚಿತ್ರ ಬಂದದ್ದು ಅವರು ಗೊರಕೆ ಹೊಡೆಯುತ್ತಿದ್ದಾಗ. ನಾಗರಹೊಳೆಯಲ್ಲಿ 1990ರ ದಶಕದಲ್ಲಿ ಉಲ್ಲಾಸ ಕಾರಂತರು ತಾನಾಗಿ ಕ್ಲಿಕ್ಕಿಸುವ ಕ್ಯಾಮೆರಾಗಳನ್ನಿಟ್ಟು, ಮೈಮೇಲಿನ ಪಟ್ಟೆಯ ಗುರುತಿನಿಂದ ಹುಲಿಗಳನ್ನು ಎಣಿಸಿದ್ದನ್ನು ರಾಯರು ಓದಿದ್ದರು. ಎಸ್.ಪಿ. ರೋಡಿನಿಂದ ಮೈಶಾಖ ಗ್ರಹಿಸುವ ಪುಟ್ಟ ಸೆನ್ಸರ್ ತಂದು, ಹಳೆಯ ಕ್ಯಾಮೆರಾಕ್ಕೆ ಬೆಸೆದು, ಟಿಫಿನ್ ಡಬ್ಬಿಯಲ್ಲಿ ಕೂರಿಸಿ, ಅಂಗಳದ ದಾಸವಾಳದ ಗಿಡದತ್ತ ಮುಖಮಾಡಿ ಇಟ್ಟರು. ಹುಲಿಯ ಎಡಮಗ್ಗುಲ ಪಟ್ಟೆ ಬೇರೆ, ಬಲಮಗ್ಗುಲ ಪಟ್ಟೆ ಬೇರೆ, ಆದ್ದರಿಂದ ಎದುರುಬದುರು ಎರಡು ಕ್ಯಾಮೆರಾ ಇಡಬೇಕೆಂಬುದು ಶಾಸ್ತ್ರ. ರಾಯರೂ ಎರಡಿಟ್ಟರು. ಮೊದಲ ದಿನ ಬಿಸಿಲಿಗೆ ಕಾದ ತುಳಸಿ ಎಲೆ ಅಲುಗಿದ್ದಕ್ಕೆಲ್ಲ ಕ್ಲಿಕ್ಕಾಗಿ ಕಾರ್ಡು ತುಂಬಿತು. ಆಮೇಲೆ ಕ್ಯಾಮೆರಾ ನಿದ್ದೆಯಿಂದೇಳುವಷ್ಟರಲ್ಲಿ ಬೆಕ್ಕು ದಾಟಿ ಬಾಲ ಮಾತ್ರ ಸಿಕ್ಕಿತು. ಆಮೇಲೊಂದು ದಿನ, ಬೆಳಗಿನ ಐದೂವರೆಗೆ, ಸಿಕ್ಕಿತು ನೋಡಿ.

ಇನ್ನೂ ಪೂರ್ತಿ ಹರಿಯದ ಬೆಳಕು. ಕಾಂಪೌಂಡಿನ ಆಚೆಯಿಂದ ಬಾಗಿದ ಒಂದು ದೇಹ, ತುದಿಗಾಲು, ಮಫ್ಲರು, ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಇನ್ನೊಂದರಲ್ಲಿ ನೀಳವಾದ ಕೊಕ್ಕೆಕೋಲು, ಕೋಲಿನ ತುದಿಯಲ್ಲಿ ಈಗಷ್ಟೇ ತೊಟ್ಟು ಕಳಚಿದ ಕೆಂಪು ದಾಸವಾಳ. ಮುಖದಲ್ಲಿ ಭಕ್ತಿಯೂ ಕಳ್ಳತನವೂ ಒಟ್ಟಿಗೆ. ಮುಖ ಅರ್ಧ ಮಫ್ಲರಿನಲ್ಲಿದ್ದರೂ ಗುರುತು ಕಷ್ಟವಾಗಲಿಲ್ಲ. ಎಡಮಗ್ಗುಲಿನದೂ ಬಲಮಗ್ಗುಲಿನದೂ ಹೋಲಿಸಿ ನೋಡಿದೆವು. ಆ ಪಟ್ಟೆ ಪೈಜಾಮ ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟ್ರದು.

"ರಾಯರೇ, ಇದು ಪ್ರದರ್ಶನಕ್ಕೆ ಹೋಗೋ ಚಿತ್ರ" ಎಂದೆ. ಉತ್ಪ್ರೇಕ್ಷೆಯಲ್ಲ, ಅಷ್ಟು ಚೆನ್ನಾಗಿತ್ತು. ರಾಯರು ಕೇಳಿಸಿಕೊಳ್ಳಲಿಲ್ಲ. ಚಿತ್ರವನ್ನು ಹಿಗ್ಗಿಸಿ, ಇನ್ನೂ ಹಿಗ್ಗಿಸಿ, ಮೇಷ್ಟ್ರ ಮುಖ, ಹೂವು, ಬೆಳಕು ಎಲ್ಲ ಪರದೆಯಾಚೆ ಹೋಗಿ ಕೋಲಿನ ತುದಿಯೊಂದೇ ಉಳಿಯುವವರೆಗೆ ಹಿಗ್ಗಿಸಿದ್ದರು. "ಇಲ್ಲಿ ನೋಡಿ. ಅರ್ಧ ಕತ್ತರಿಸಿದ ನೀರಿನ ಬಾಟ್ಲಿ. ಹೂವು ಕೆಳಗೆ ಬೀಳೋದೇ ಇಲ್ಲ, ನೇರ ಒಳಗೆ. ಆದರೆ ಬಾಟ್ಲಿನ ಕೋಲಿಗೆ ಹೇಗೆ ಕೂರಿಸಿದಾರೆ? ಸ್ಕ್ರೂ ಕಾಣ್ತಿಲ್ಲ, ದಾರ ಕಾಣ್ತಿಲ್ಲ..."

ಅವರ ಮನೆಯವರು, "ಈಗಲೇ ಹೋಗಿ ಕೇಳಿ" ಎಂದರು. ಬೇರೆಯದೇ ಅರ್ಥದಲ್ಲಿ ಹೇಳಿದ್ದು. ರಾಯರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ನಾನು ಜಗಳ ಬಿಡಿಸಲು ಹಿಂದೆ ಹೋದೆ. ಮೇಷ್ಟ್ರು ಬಾಗಿಲಲ್ಲಿ ಚಿತ್ರ ನೋಡಿ ಬಿಳಿಚಿಕೊಂಡು, "ದೇವರಿಗೆ ಅಂತ ನಾಲ್ಕು ಹೂವು..." ಎಂದು ಶುರುಮಾಡಿದರು. ರಾಯರು ತಡೆದು, "ಅದಿರಲಿ ಮೇಷ್ಟ್ರೇ, ಬಾಟ್ಲಿ ಮುಚ್ಚಳದ ಒಳವ್ಯಾಸಕ್ಕೂ ಕೋಲಿನ ಹೊರವ್ಯಾಸಕ್ಕೂ ಹೇಗೆ ಹೊಂದಿಸಿದಿರಿ?" ಎಂದರು. ಮೇಷ್ಟ್ರ ಮುಖಕ್ಕೆ ರಕ್ತ ಮರಳಿತು. ಸೈಕಲ್ ಟ್ಯೂಬಿನ ತುಂಡನ್ನು ಬಿಸಿನೀರಿನಲ್ಲಿ ಅದ್ದಿ ಸರಿಸಿದ್ದಾಗಿ ವಿವರಿಸಿದರು. ಕೋಲು ತರಿಸಿದರು. ಕಾಫಿಯೂ ಬಂತು. ಕೋಲು ಗಟ್ಟಿಯೇ, ಆದರೆ ಗಿಡ್ಡ, ಮೇಲಿನ ಕೊಂಬೆ ಎಟುಕುವುದಿಲ್ಲ ಎಂಬುದು ಮೇಷ್ಟ್ರ ಕೊರತೆ. ರಾಯರು ಮನೆಗೆ ಓಡಿ, ತಾವೇ ಮಾಡಿದ ಅಲ್ಯೂಮಿನಿಯಮ್ಮಿನ ಒಂಟಿಕಾಲಿನ ಸ್ಟ್ಯಾಂಡು ತಂದರು. ಮೂರು ಮಡಿಕೆ, ಬಿಚ್ಚಿದರೆ ಎಂಟಡಿ, ತುದಿಯಲ್ಲಿ ಕ್ಯಾಮೆರಾದ ತಳಕ್ಕೆ ಕೂರುವ ಕಾಲಿಂಚಿನ ಬೋಲ್ಟು. ಬಾಟ್ಲಿಯ ಮುಚ್ಚಳಕ್ಕೆ ತೂತು ಹೊಡೆದು ಆ ಬೋಲ್ಟಿಗೇ ತಿರುಗಿಸಿದರು. ಹೇಳಿ ಮಾಡಿಸಿದ ಹಾಗೆ ಕೂತಿತು.

ಈಗ ನಮ್ಮ ಬೀದಿಯಲ್ಲಿ ಮೊದಲ ಮಹಡಿಯ ಬಾಲ್ಕನಿಯ ಕುಂಡಗಳಲ್ಲೂ ಹೂವು ಉಳಿಯುತ್ತಿಲ್ಲ.